ಎರಡು ಬೆರಳು

"ಆಯ್ತು, ಇನ್ನು ಮನೆಗೆ ಹೋಗಿ," ಅಂದರು ಕೋಚಮ್ಮ.

ಗಾಜಿನವನು ಜಿಮ್ಮಿನ ಬೆಂಚಿನಿಂದ ಏಳಲಿಲ್ಲ. ಹಣೆಯ ಬೆವರು ಇನ್ನೂ ಹುಬ್ಬು ದಾಟಿರಲಿಲ್ಲ. "ಈಗಷ್ಟೇ ಬಂದಿದ್ದು ಮೇಡಂ. ಎದೆಗೆ ಒಂದೇ ಒಂದು ಸೆಟ್ಟು ಆಗಿದೆ. ಮುಖ ತೊಳೆಯೋದಕ್ಕೂ ನಾನು ಇದಕ್ಕಿಂತ ಜಾಸ್ತಿ ಹೊತ್ತು ತಗೋತೀನಿ."

"ಕಾಲಿಗೊಂದು, ಬೆನ್ನಿಗೊಂದು ಮೊದಲೇ ಆಗಿದೆಯಲ್ಲ. ಮುಗೀತು."

"ಇನ್ನೊಂದೇ ಒಂದು. ನೋಡೋಕಾಗಲ್ಲ ಅಂದ್ರೆ ನೀವು ಆ ಕಡೆ ತಿರುಗಿ."

"ಇನ್ನೊಂದು ಮಾಡೋಕೆ ಶಕ್ತಿ ಉಳಿದಿದೆ ಅಂದ್ರೆ, ಮೊದಲನೇದನ್ನ ನೆಟ್ಟಗೆ ಮಾಡಿಲ್ಲ ಅಂತ ಅರ್ಥ."

ಭಾರದ ರಾಡು ಜಾರಿದರೆ ಹಿಡಿಯಲು ಬೆಂಚಿನ ತಲೆಗಡೆ ನಿಂತಿದ್ದ ಅವನ ಭಾವ ಗೊಳ್ಳೆಂದು ನಕ್ಕರು. "ಬಿಡಿ ಮೇಡಂ, ಇವನಿಗೆ ಒಂದು ಸೆಟ್ಟು ಅಂದ್ರೆ, ಸಿನಿಮಾದಲ್ಲಿ ಬರೀ ಹೆಸರು ತೋರಿಸಿ ಲೈಟು ಹಾಕಿದ ಹಾಗೆ. ಟಿಕೆಟ್ ದುಡ್ಡು ವಾಪಸ್ ಕೊಡಿ ಅಂತ ಗಲಾಟೆ ಮಾಡ್ತಾನೆ ನೋಡ್ತಾ ಇರಿ."

ಗಾಜಿನವನಿಗೆ ನಗು ಬರಲಿಲ್ಲ. ಟವೆಲನ್ನು ಹೆಗಲಿಗೆ ಎಸೆದುಕೊಂಡು ಎದ್ದ. ಎದ್ದವನು ಬಾಗಿಲಿಗೆ ಹೋಗದೆ ಡಂಬೆಲ್ ಸಾಲಿನ ಕಡೆ ಹೋದ, ಒಂದನ್ನು ಮುಟ್ಟಿದ, ಕೋಚಮ್ಮನ ಕಣ್ಣು ಬೆನ್ನಿಗೆ ಚುಚ್ಚುತ್ತಿದೆ ಅನ್ನಿಸಿ ಕೈ ತೆಗೆದ.

ಜಿಮ್ಮಿಗೆ ಬರಲು ಶುರುಮಾಡಿ ಮೂರು ವರ್ಷವಾಗುತ್ತ ಬಂದಿತ್ತು. ಮೊದಲ ವರ್ಷ ಮೈ ಹಾಲು ಉಕ್ಕಿದ ಹಾಗೆ ಉಕ್ಕಿತು. ಆಮೇಲೆ ಯಾರೋ ಒಲೆ ಆರಿಸಿಬಿಟ್ಟರು. ನಡುವೆ ಕೆಲವು ತಿಂಗಳು ಬಿಟ್ಟು, ಮತ್ತೆ ದಿನಾ ಸಂಜೆ ಬಂದ, ಸೆಟ್ಟಿನ ಮೇಲೆ ಸೆಟ್ಟು ಹಾಕಿದ, ಕೊನೆಗೆ ಹುಡುಗರು ದೀಪ ಆರಿಸುವಾಗ ಮಾತ್ರ ಹೊರಬಿದ್ದ, ತೂಕ ಅಲ್ಲಾಡಲಿಲ್ಲ. ಆ ಹೊತ್ತಿಗೆ ಬಂದವರು ಈ ಕೋಚಮ್ಮ. ಒಂದು ಕಾಲಕ್ಕೆ ಸ್ವತಃ ಭಾರ ಎತ್ತುವ ಸ್ಪರ್ಧೆಗಳಿಗೆ ಹೋಗುತ್ತಿದ್ದವರು, ಈಗ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಾರೆ. ಬಂದ ವಾರವೇ ಇವನನ್ನು ಹಿಡಿದುಕೊಂಡರು. "ದಿನಾ ಇಪ್ಪತ್ತು ಸೆಟ್ಟು ಮಾಡ್ತೀರ. ಅದರಲ್ಲಿ ಒಂದಾದರೂ ಕೊನೇವರೆಗೆ ಹೋಗುತ್ತಾ? ರಾಡು ಇನ್ನು ಏಳಲ್ಲ ಅನ್ನೋ ಕಡೆವರೆಗೆ? ಇಲ್ಲ. ಒಂದೇ ಮಾಡಿ, ಏನೂ ಉಳಿಸಬೇಡಿ. ಆಮೇಲೆ ಮನೆಗೆ ಹೋಗಿ, ಎರಡು ಮೂರು ದಿನ ಈ ಕಡೆ ತಲೆ ಹಾಕಬೇಡಿ. ಮೈ ಬೆಳೆಯೋದು ಇಲ್ಲಲ್ಲ, ಮನೇಲಿ ಮಲಗಿದಾಗ."

"ಸುಮ್ಮನೆ ಕೂತರೆ ಬೆಳೆಯುತ್ತಾ?"

"ನೀವು ಗಾಜಿನ ಸುತ್ತ ಅಂಟು ಹಾಕ್ತೀರಲ್ಲ. ಹಾಕಿದ ಮೇಲೆ ಏನು ಮಾಡ್ತೀರ, ಹಿಡೀತಾ ಇಲ್ವಾ ಅಂತ ಗಳಿಗೆಗೊಂದು ಸಲ ಬೆರಳಲ್ಲಿ ಒತ್ತಿ ನೋಡ್ತೀರಾ?"

ಅಂಟಿನ ವಿಷಯ ಅವನಿಗೆ ಗೊತ್ತಿದ್ದದ್ದೇ. ಅದಕ್ಕೇ ಒಪ್ಪಿದ್ದ.

ಒಪ್ಪಿದ್ದು ಇನ್ನೊಂದು ಕಾರಣಕ್ಕೂ. ಅವನು ಕೆಲಸ ಮಾಡುವ ಗಾಜಿನ ಅಂಗಡಿಗೆ ಒಂದು ದೊಡ್ಡ ಕೆಲಸ ಬಂದಿತ್ತು. ಹೊಸ ಬಟ್ಟೆ ಅಂಗಡಿಯೊಂದರ ಮುಂಭಾಗಕ್ಕೆ ಇಡೀ ಗೋಡೆಯಷ್ಟು ಅಗಲದ ದಪ್ಪ ಗಾಜು. ಯಜಮಾನರು ಕರೆದು, "ನೀನು ಒಂದು ತುದಿ ಹಿಡಿ, ಇನ್ನೊಂದು ತುದಿಗೆ ಯಾರನ್ನಾದರೂ ಹಾಕ್ತೀನಿ. ಇಬ್ಬರು ಸಾಕು," ಅಂದಿದ್ದರು. ಇಬ್ಬರು ಸಾಕು ಅನ್ನುವುದು ಯಜಮಾನರ ಹಳೇ ಚಾಳಿ. ಎಂಟು ಜನ ಹೊರುವ ಬೀರುವನ್ನು ತೋರಿಸಿದರೂ ಇಬ್ಬರು ಸಾಕು ಅಂತಲೇ ಅನ್ನುತ್ತಾರೆ. ಇವನು ಲೆಕ್ಕ ಹಾಕಿದ. ತನ್ನ ಪಾಲಿಗೆ ಎಂಬತ್ತು ಕೆಜಿ ಬರುತ್ತದೆ.

ಇಂಥದೇ ಒಂದು ಗಾಜು ಹಿಂದಿನ ವರ್ಷ ಅವನ ಕೈಯಿಂದ ಜಾರಿತ್ತು. ಇನ್ನೊಂದು ತುದಿಯಲ್ಲಿದ್ದ ದೊಡ್ಡಣ್ಣ, ಅಂಗಡಿಯ ಹಿರಿಯ ಕೆಲಸಗಾರ, ಈಗ ಸ್ವಲ್ಪ ಕಾಲು ಎಳೆದು ನಡೆಯುತ್ತಾರೆ. ಗಲ್ಲಾದ ಹತ್ತಿರ ಕೂತು ಫೋಟೋಗಳಿಗೆ ಕಟ್ಟು ಹಾಕುತ್ತಾರೆ. "ನಿನ್ನ ತಪ್ಪಲ್ಲ ಬಿಡು, ನೆಲ ಜಾರ್ತಿತ್ತು," ಅಂದರು ದೊಡ್ಡಣ್ಣ. "ನಿನ್ನ ತಪ್ಪಲ್ಲ," ಅಂದರು ಯಜಮಾನರು. "ಯಾರ ಕೈಯಲ್ಲಾದರೂ ಜಾರೋದೇ," ಅಂದಳು ಅಕ್ಕ. ಇಷ್ಟು ಜನ ಒಂದೇ ಮಾತು ಹೇಳಿದ್ದಕ್ಕೇ ಅವನಿಗೆ ಅನುಮಾನ ಬಂದದ್ದು. ಅವತ್ತಿನಿಂದ ಕೈಕನ್ನಡಿ, ಕಿಟಕಿ ಗಾಜು, ಮೇಜಿನ ಗಾಜು, ಇಷ್ಟೇ ಅವನ ಕೆಲಸ. ದೊಡ್ಡ ಗಾಜು ಮುಟ್ಟಿಲ್ಲ.

ಈಗ ತನಗೆ ತಾನೇ ಒಂದು ಷರತ್ತು ಹಾಕಿಕೊಂಡಿದ್ದ. ಎಂಬತ್ತು ಕೆಜಿ, ಬೆಂಚಿನ ಮೇಲೆ ಮಲಗಿ, ಎಂಟು ಸಲ. ಎಂಟಾದರೆ ಗಾಜು ಹಿಡಿಯುವುದು. ಆಗದಿದ್ದರೆ ಯಜಮಾನರಿಗೆ ಆಗಲ್ಲ ಅಂತ ಹೇಳಿ, ದೊಡ್ಡಣ್ಣನ ಪಕ್ಕ ಇನ್ನೊಂದು ಸ್ಟೂಲು ಹಾಕಿಕೊಳ್ಳುವುದು. ಇದು ಭಾವನಿಗೆ ಮಾತ್ರ ಗೊತ್ತಿತ್ತು. ಇವತ್ತು ಏಳಾಗಿತ್ತು. ಕೊನೆಯದು ಮೇಲೆ ಹೋಗುವಾಗ ಭಾವ ಕಿವಿ ಹರಿಯುವ ಹಾಗೆ, "ನಿಂದೇ, ನಿಂದೇ! ನಾನು ಮುಟ್ಟಿಲ್ಲ! ಎಲ್ಲಾ ನಿಂದೇ!" ಅಂತ ಕೂಗಿದ್ದರು.

*

ಏನೂ ಮಾಡದ ದಿನಗಳು ಅವನನ್ನು ಅರೆದು ಹಾಕಿದವು.

ಕೆಲಸ ಮುಗಿಸಿ ಬಂದರೆ ಸಂಜೆ ಅನ್ನುವುದು ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ಅವನ ಕೋಣೆ ಅಕ್ಕನ ಮನೆಯ ಮಹಡಿಯ ಮೇಲೆ. ಮೇಲೆ ಕೂತರೆ ಕೆಳಗೆ ಹೋಗಬೇಕು ಅನ್ನಿಸುತ್ತಿತ್ತು, ಕೆಳಗೆ ಬಂದರೆ ಮೇಲೆ ಏನೋ ಮರೆತ ಹಾಗಾಗುತ್ತಿತ್ತು. ಅಡುಗೆಮನೆಯ ನಲ್ಲಿ ಬಿಚ್ಚಿ ಕಟ್ಟಿದ. ಕಿರುಗುಟ್ಟುತ್ತಿದ್ದ ಬಾಗಿಲಿಗೆ ಎಣ್ಣೆ ಬಿಟ್ಟ. ಕಿರುಗುಟ್ಟದ ಬಾಗಿಲಿಗೂ ಬಿಟ್ಟ.

"ಒಂದು ಕಡೆ ಕೂತ್ಕೊಳ್ಳೋ ಮಾರಾಯ," ಅಂದಳು ಅಕ್ಕ. "ನಿನ್ನ ನೋಡ್ತಾ ನೋಡ್ತಾ ನಂಗೆ ಸುಸ್ತು."

"ಸುಮ್ಮನೆ ಕೂತರೆ ಕೈ ಕಾಲು ಸಣ್ಣ ಆಗ್ತಿದೆ ಅನ್ಸುತ್ತೆ ಕಣೇ."

"ಆಗಲ್ಲ. ಬೇಕಾದರೆ ನಿಮ್ಮ ಭಾವನ ಕೇಳು, ಟೇಪು ಹಿಡಿದು ಹೇಳ್ತಾರೆ."

ಭಾವ ಟೈಲರು. ಮುಂದಿನ ಕೋಣೆಯಲ್ಲೇ ಮಿಷನ್ನು. ಯಾರನ್ನು ನೋಡಿದರೂ ಮೊದಲು ಹೆಗಲ ಅಳತೆ ಕಣ್ಣಿಗೆ ಬೀಳುತ್ತದೆ ಅನ್ನುತ್ತಿದ್ದರು. ಬಾಗಿಲಿಗೆ ಬಂದ ಅಂಚೆಯವನಿಗೂ "ನಿಮ್ಮ ಬಲಗೈ ಎಡಗೈಗಿಂತ ಅರ್ಧ ಇಂಚು ಉದ್ದ" ಅಂತ ಹೇಳಿ ಅವನ ಮನಸ್ಸು ಕೆಡಿಸಿದವರು. ಗಾಜು ಜಾರಿದ ಮೇಲೆ ಇವನು ಹಾಸಿಗೆ ಬಿಟ್ಟು ಏಳದೆ, ಜಿಮ್ಮೂ ಬಿಟ್ಟು ಕೂತಿದ್ದಾಗ ಮಹಡಿ ಹತ್ತಿ ಬಂದು, "ಏಳೋ ಭಾಮೈದ, ನಂಗೂ ಹೊಟ್ಟೆ ಬಂದಿದೆ, ಜೊತೆಗೆ ಬರ್ತೀನಿ," ಅಂದವರು ಭಾವನೇ. ಹೊಟ್ಟೆ ಇನ್ನೂ ಹಾಗೇ ಇದೆ. ಆದರೆ ಇವನು ಮಲಗಿದ ಬೆಂಚಿನ ಹಿಂದೆ ನಿಲ್ಲುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಏನೂ ಮಾಡದ ಎರಡನೆಯ ದಿನ ಅವನಿಗೆ ಜಿಮ್ಮಿನ ಕನ್ನಡಿ ನೆನಪಾಯಿತು. ಬೆಂಚಿನ ಪಕ್ಕದ ಗೋಡೆಯದು. ಹಿಂದಿನ ಲೇಪ ಎದ್ದು, ಮೋಡ ಕವಿದ ಹಾಗೆ ಕಪ್ಪಾಗಿ, ಅದರಲ್ಲಿ ಮುಖ ಯಾವುದು ಮೊಣಕಾಲು ಯಾವುದು ಗೊತ್ತಾಗುತ್ತಿರಲಿಲ್ಲ. ಅಂಗಡಿಯಲ್ಲಿ ಯಾರೋ ಅಳತೆ ತಪ್ಪು ಕೊಟ್ಟು ಬಿಟ್ಟುಹೋಗಿದ್ದ ಕನ್ನಡಿಯೊಂದು ಬಿದ್ದಿತ್ತು. ಅದನ್ನು ಕತ್ತರಿಸಿ, ಅಂಚು ಉಜ್ಜಿ, ತಳ್ಳುಗಾಡಿಯಲ್ಲಿ ತಂದ.

ಬಾಗಿಲಲ್ಲೇ ಕೋಚಮ್ಮ ಕೈ ಅಡ್ಡ ಹಿಡಿದರು. "ಇವತ್ತು ನಿಮಗೆ ರಜಾ."

"ಎತ್ತೋಕೆ ಬಂದಿಲ್ಲ ಮೇಡಂ. ಕನ್ನಡಿ ಹಾಕೋಕೆ ಬಂದೆ. ದುಡ್ಡು ಬೇಡ."

"ಇದೂ ಎತ್ತೋದೇ ಅಲ್ವಾ?"

"ಇದು ಹಗುರ. ಇದಕ್ಕೆ ನಾನು ಸೋಲಲ್ಲ."

ಹಳೆಯದನ್ನು ಕಿತ್ತು, ಗೋಡೆ ಒರೆಸಿ, ಹೊಸದನ್ನು ಕೂರಿಸಿದ. ಅಂಟು ಒಣಗುವ ತನಕ ಹಿಡಿದುಕೊಳ್ಳಲು ಮರದ ಪಟ್ಟಿ ಆನಿಸಿದ. ಆಮೇಲೆ, ಕೋಚಮ್ಮ ನೋಡುತ್ತಿದ್ದಾರೆ ಅಂತ ಗೊತ್ತಿದ್ದೂ, ಅಂಚನ್ನು ಒಂದು ಸಲ ಬೆರಳಿನಿಂದ ಒತ್ತಿ ನೋಡಿದ.

*

ಮುಂದಿನ ಸರದಿಯಲ್ಲಿ ಅವನ ಎಂಬತ್ತು ಕೆಜಿ ಸಿದ್ಧವಾಗಿತ್ತು. ಗಾಜು ಹೊರುವ ದಿನಕ್ಕೆ ಇನ್ನು ಒಂದೇ ವಾರ. ಕೋಚಮ್ಮ ಆ ಮೂಲೆಯಲ್ಲಿ ಒಬ್ಬ ಹುಡುಗಿಗೆ ಬಸ್ಕಿ ಹೊಡೆಯುವಾಗ ಮಂಡಿ ಎಲ್ಲಿರಬೇಕು ಅಂತ ತೋರಿಸುತ್ತಿದ್ದರು. ಭಾವ ಕೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡರು. ಬಟ್ಟೆ ಗುರುತು ಹಾಕುವ ನೀಲಿ ಸೀಮೆಸುಣ್ಣವನ್ನೇ ಪುಡಿ ಮಾಡಿ ಪೊಟ್ಟಣ ಕಟ್ಟಿ ತರುತ್ತಿದ್ದರು. ಅದಕ್ಕೇ ಇವರಿಬ್ಬರ ಅಂಗೈ ಯಾವಾಗಲೂ ತಿಳಿ ನೀಲಿ.

"ಎಂಟು, ಇವತ್ತು ಎಂಟು," ಅಂದರು ಭಾವ.

ರಾಡು ಇಳಿಯಿತು, ಏರಿತು. ಮೊದಲ ನಾಲ್ಕು ಲೀಲಾಜಾಲ. ಐದನೆಯದಕ್ಕೆ ಉಸಿರು ಒರಟಾಯಿತು. ಆರನೆಯದು ಎದೆಯಿಂದ ಒಂದು ಗೇಣು ಎದ್ದು, ಅಲ್ಲೇ ಯೋಚನೆಗೆ ಬಿದ್ದವರ ಹಾಗೆ ನಿಂತಿತು. "ನಿಂದೇ, ನಿಂದೇ!" ಅಂತ ಭಾವ ಶುರುಮಾಡಿದರು. ಅವನ ಮುಖ ನೋವಿಗೆ ಒಂದು ಕಡೆ ವಾಲಿತು. ಕಣ್ಣು ಕನ್ನಡಿಗೆ ಬಿತ್ತು.

ಅವನೇ ಉಜ್ಜಿ, ಅವನೇ ಕೂರಿಸಿದ ಕನ್ನಡಿ. ಒಂದು ಕಲೆಯಿಲ್ಲ. ಅದರಲ್ಲಿ ಅಂಗಾತ ಮಲಗಿದ ಕೆಂಪು ಮುಖದ ಒಬ್ಬ ಗಂಡಸು. ಅವನ ಮೇಲೆ ರಾಡು. ರಾಡಿನ ನಟ್ಟನಡುವೆ, ಕೆಳಗಿನಿಂದ, ಎರಡು ಬೆರಳು. ತೋರುಬೆರಳಿನ ಉಗುರು ಕಪ್ಪು. ಎಂದೋ ಮಿಷನ್ನಿನ ಸೂಜಿ ಹೊಕ್ಕು ಹೆಪ್ಪುಗಟ್ಟಿದ ಆ ಉಗುರನ್ನು ಅವನು ಸಾವಿರ ಸಲ ನೋಡಿದ್ದಾನೆ. ಬೆರಳುಗಳು ಬಿಲ್ಲಿನ ಹಾಗೆ ಬಾಗಿದ್ದವು. ಭಾವನ ಕುತ್ತಿಗೆಯ ನರ ಉಬ್ಬಿತ್ತು. "ಎಲ್ಲಾ ನಿಂದೇ! ನಾನು ಮುಟ್ಟಿಲ್ಲ!" ಕನ್ನಡಿಯಲ್ಲಿ ಭಾವನ ಬಾಯಿ ಕೂಗುತ್ತಿತ್ತು.

ಆರು ಆಯಿತು. ಏಳು ಆಯಿತು. ಅವನು ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಎಂಟೂ ಆಯಿತು.

ರಾಡನ್ನು ಕೊಕ್ಕೆಗೆ ಇಟ್ಟು ಭಾವ ಚಪ್ಪಾಳೆ ತಟ್ಟಿದರು. ನೀಲಿ ಪುಡಿ ಹಾರಿತು. "ಎಂಟು! ಮೇಡಂ, ಎಂಟು! ಲೋ, ಹೋಗಿ ನಿನ್ನ ಯಜಮಾನರಿಗೆ ಹೇಳು, ಗಾಜು ಅಲ್ಲ, ಅಂಗಡೀನೇ ಎತ್ತಿಡ್ತೀನಿ ಅಂತ!"

"ಯಾವಾಗಿನಿಂದ?" ಅಂದ ಅವನು.

"ಏನು?"

"ಬೆರಳು. ಯಾವಾಗಿನಿಂದ ಹಾಕ್ತಿದೀರಿ?"

ಭಾವನ ಕೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಹೋಯಿತು. "ಬೆರಳು... ಅಯ್ಯೋ, ಅದು ಹಂಗೇ, ರಾಡು ಬೀಳಬಾರದು ಅಂತ ಒಂಚೂರು..."

"ಯಾವಾಗಿನಿಂದ ಭಾವ?"

"ಮೊದಲಿಂದ." ಭಾವ ನೆಲ ನೋಡಿದರು. "ನೀನು ಮತ್ತೆ ಬರೋಕೆ ಶುರುಮಾಡಿದೆಯಲ್ಲ, ಆವತ್ತಿಂದ. ಆಗ ನಿಂಗೆ ಖಾಲಿ ರಾಡೇ ಏಳ್ತಿರಲಿಲ್ಲ ಕಣೋ. ನಿನ್ನ ಮುಖ ನೋಡೋಕಾಗ್ತಿರಲಿಲ್ಲ. ಒಂದು ದಿನ ಸ್ವಲ್ಪ ಬೆರಳು ಕೊಟ್ಟೆ, ಎದ್ದಿತು, ನೀನು ನಕ್ಕೆ. ಮನೇಗೆ ಹೋಗಿ ಊಟ ಮಾಡಿದೆ. ಆಮೇಲೆ ಎಲ್ಲಿ ನಿಲ್ಲಿಸೋದು? ಯಾವತ್ತು ನಿಲ್ಲಿಸಿದರೂ ಅವತ್ತು ನೀನು ಬೀಳ್ತೀಯಲ್ಲ."

"ಎದೆ ಎರಡಿಂಚು ಜಾಸ್ತಿ ಆಗಿದೆ ಅಂತ ಅಂಗಿ ಹೊಲಿಗೆ ಬಿಚ್ಚಿದಿರಲ್ಲ. ಅದೂ ಸುಳ್ಳೇನಾ?"

ಭಾವ ತಲೆ ಎತ್ತಿದರು. ಅಲ್ಲಿಯವರೆಗೆ ಕುಗ್ಗಿ ನಿಂತಿದ್ದವರ ಮೈಯಲ್ಲಿ ಎಲ್ಲಿತ್ತೋ ಸಿಟ್ಟು. "ಲೋ, ಬಾಯಿಗೆ ಬಂದ ಹಾಗೆ ಮಾತಾಡಬೇಡ! ನಾನು ಟೈಲರು. ಟೇಪಲ್ಲಿ ಸುಳ್ಳು ಹೇಳ್ತೀನೇನೋ ನಾನು?"

ಮೂಲೆಯ ಹುಡುಗಿ ಅರ್ಧ ಕೂತವಳು ಹಾಗೇ ನಿಂತುಬಿಟ್ಟಳು. ಗಾಜಿನವನು ಟವೆಲು ಎತ್ತಿಕೊಂಡು ಹೊರಟ. ಇವತ್ತು ಯಾರೂ ಮನೆಗೆ ಹೋಗು ಅನ್ನಬೇಕಾಗಲಿಲ್ಲ.

*

ಮನೆಗೆ ಹೋಗಲಿಲ್ಲ. ನಡೆದ. ಬೀದಿಯ ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ದಾಟಿ, ಮತ್ತೆ ಅದೇ ಬೀದಿ. ಪಾತ್ರೆ ಅಂಗಡಿ, ಔಷಧಿ ಅಂಗಡಿ, ಬೀಗ ಹಾಕಿದ ಬ್ಯಾಂಕು. ಎಲ್ಲದರ ಮುಂದೆಯೂ ಗಾಜು. ಇದನ್ನು ಎಷ್ಟು ಜನ ಹೊತ್ತಿರಬಹುದು? ಯಾರೋ ಹೊತ್ತಿದ್ದಾರೆ, ಯಾರ ಕಾಲಿನ ಮೇಲೂ ಬಿದ್ದಿಲ್ಲ, ನಿಂತಿದೆ. ಪ್ರತಿಯೊಂದರಲ್ಲೂ ಅಗಲ ಭುಜದ ಒಬ್ಬ ಮನುಷ್ಯ ಅವನ ಜೊತೆಗೇ ಸರಸರ ನಡೆಯುತ್ತಿದ್ದ. ಆ ಭುಜ ಯಾರದು ಅನ್ನುವುದೇ ಈಗ ಪ್ರಶ್ನೆಯಾಗಿತ್ತು.

ಮುಂದಿನ ಎರಡು ದಿನ ಭಾವನ ಜೊತೆ ಮಾತಿಲ್ಲ. ಕೆಳಗಿನಿಂದ ಮಿಷನ್ನಿನ ಸದ್ದು ಬರುತ್ತಿತ್ತು, ಯಾವತ್ತಿಗಿಂತ ಜೋರಾಗಿ. ಮೂರನೆಯ ದಿನ ಅಕ್ಕ ಒಗೆದ ಬಟ್ಟೆ ತಂದು ಅವನ ಹಾಸಿಗೆಯ ಮೇಲೆ ಧೊಪ್ಪನೆ ಹಾಕಿದಳು.

"ಇಬ್ಬರೂ ಗಂಡಸರು ಮುಖ ಊದಿಸಿಕೊಂಡು ಕೂತರೆ ಮನೆ ತುಂಬಾ ಬರೀ ಮುಖವೇ. ಏನಾಯ್ತು?"

ಹೇಳಿದ. ಅವಳು ಒಂದು ಅಂಗಿಯನ್ನು ಮಡಿಸುತ್ತ ಪೂರ್ತಿ ಕೇಳಿದಳು.

"ಗೊತ್ತಿತ್ತಾ ನಿಂಗೆ?" ಅಂದ.

"ಹೂಂ. ರಾತ್ರಿ ಅವರ ಬೆರಳಿಗೆ ಎಣ್ಣೆ ಹಚ್ಚಿಕೊಡ್ತಿದ್ದೆನಲ್ಲ. ಗುಂಡಿಗೆ ಕಾಜಾ ಮಾಡೋಕಾಗ್ತಿಲ್ಲ, ಬೆರಳು ಮಡಿಸೋಕಾಗ್ತಿಲ್ಲ ಅಂತ ಒದ್ದಾಡ್ತಿದ್ರು. ಬೆರಳು ಕೊಡೋರಿಗೂ ನೋವಾಗುತ್ತೆ ಕಣೋ." ಮಡಿಸಿದ ಅಂಗಿ ಇಟ್ಟಳು. "ತಪ್ಪು ಮಾಡಿದ್ರು. ನಾನೂ ಸುಮ್ಮನಿದ್ದೆ, ನಂದೂ ತಪ್ಪು. ನೀನು ಕೆಳಗೆ ಬೀಳೋದನ್ನ ಇನ್ನೊಂದು ಸಲ ನೋಡೋ ಧೈರ್ಯ ಈ ಮನೇಲಿ ಯಾರಿಗೂ ಇರಲಿಲ್ಲ. ಅಷ್ಟೇ."

"ನಂಗೆ ಎಷ್ಟು ಆಗುತ್ತೆ ಅಂತಾದರೂ ಗೊತ್ತಾಗಬೇಕಲ್ಲ ಅಕ್ಕ. ಇವತ್ತು ಯಜಮಾನರು ಮತ್ತೆ ಕೇಳಿದ್ರು. ಬಾಯಿ ಬಿಡೋಕಾಗಲಿಲ್ಲ."

"ಹಾಗಾದ್ರೆ ಹೋಗಿ ನೋಡು. ಇಲ್ಲಿ ನನ್ನ ಬಾಗಿಲಿಗೆ ಎಣ್ಣೆ ಬಿಟ್ಟರೆ ಗೊತ್ತಾಗುತ್ತಾ?"

ಅವನು ಕೆಳಗೆ ಇಳಿದ. ಭಾವ ಮಿಷನ್ನಿನ ಮೇಲೆ ಬಗ್ಗಿ, ಇಲ್ಲದ ದಾರವನ್ನು ಹುಡುಕುವ ಹಾಗೆ ನಟಿಸಿದರು.

"ಭಾವ, ಬನ್ನಿ. ಹೋಗೋಣ."

"ನಾನ್ಯಾಕೆ? ಕೋಚಮ್ಮ ನಿಲ್ತಾರೆ. ಅವರ ಬೆರಳು ಪ್ರಾಮಾಣಿಕ."

"ನೀವೇ ನಿಲ್ಲಬೇಕು. ಕೈ ಬೆನ್ನ ಹಿಂದೆ ಕಟ್ಟಿಕೊಂಡು. ನಾನು 'ಹಿಡೀರಿ' ಅಂದ ಮೇಲೆ ಹಿಡೀರಿ. ಅದಕ್ಕಿಂತ ಮುಂಚೆ ಬೇಡ."

"ಆಗದೇ ಹೋದ್ರೆ?"

"ಆಗದೇ ಹೋದ್ರೆ ಹಿಡೀರಿ ಅಂತೀನಿ."

*

ಸಂಜೆಯ ಬಿಸಿಲು ಎತ್ತರದ ಕಿಟಕಿಯಿಂದ ಬಂದು ಕನ್ನಡಿಗೆ ಬಿದ್ದು ಚಾವಣಿಯ ಮೇಲೆ ಒಂದು ಚೌಕ ಬರೆದಿತ್ತು. ಕೋಚಮ್ಮ ಈ ಸಲ ಬೇರೆಲ್ಲೂ ಹೋಗಲಿಲ್ಲ. ಬೆಂಚಿನ ಕಾಲಿನ ಕಡೆ ನಿಂತರು. "ಆವತ್ತೇ ನಾನು ಇಲ್ಲಿ ನಿಲ್ಲಬೇಕಿತ್ತು," ಅಂತಷ್ಟೇ ಅಂದರು.

ಮೊದಲ ನಾಲ್ಕು ಬಂದವು. ಭಾವ ಕೂಗಲಿಲ್ಲ, ಅವರ ಉಸಿರು ಮಾತ್ರ ಕೇಳುತ್ತಿತ್ತು. ಐದನೆಯದು ನಡುಗುತ್ತ, ಓರೆಯಾಗಿ, ಮೇಲೆ ಸೇರಿತು. ಆರನೆಯದು ಎದೆ ಬಿಟ್ಟು ಎದ್ದಿತು. ಅದೇ ಗೇಣು. ಅಲ್ಲೇ ನಿಂತಿತು.

ಅವನು ತಳ್ಳಿದ. ಕಾಲಿನಿಂದ, ಬೆನ್ನಿನಿಂದ, ಹಲ್ಲಿನಿಂದ ತಳ್ಳಿದ. ರಾಡು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಇಷ್ಟು ದಿನ ಈ ಜಾಗದಿಂದ ಮುಂದೆ ಇನ್ಯಾರೋ ಅವನನ್ನು ಕೈಹಿಡಿದು ದಾಟಿಸುತ್ತಿದ್ದರು. ಇಲ್ಲಿ ಏನಿದೆ ಅಂತ ಅವನು ನೋಡಿಯೇ ಇರಲಿಲ್ಲ. ಏನೂ ಇರಲಿಲ್ಲ. ಒಂದು ತೂಕ ಇತ್ತು, ಅವನಿದ್ದ. ತಲೆಯ ಕಡೆ ಭಾವ ಬೆನ್ನ ಹಿಂದೆ ಕೈ ಇನ್ನೂ ಬಿಗಿ ಹಿಡಿದಿದ್ದರು. ರಾಡು ಒಂದು ನೂಲಿನಷ್ಟು ಕೆಳಗೆ ಸರಿಯಿತು. ಇನ್ನೊಂದು ನೂಲು.

"ಹಿಡೀರಿ," ಅಂದ.

ಎರಡು ಬೆರಳಲ್ಲ, ಎರಡೂ ಕೈ ಬಂದವು. ರಾಡು ಕೊಕ್ಕೆಗೆ ಬಿತ್ತು.

ಅವನು ಎರಡೂ ಕೈ ಬೆಂಚಿನ ಪಕ್ಕಕ್ಕೆ ಇಳಿಬಿಟ್ಟ.

"ಐದು," ಅಂದ ಅವನು, ಚಾವಣಿಯ ಚೌಕ ನೋಡುತ್ತ.

"ಐದೂವರೆ," ಅಂದರು ಭಾವ.

"ಐದು."

"ಆರನೇದು ಅರ್ಧ ಎದ್ದಿತ್ತು ಕಣೋ, ನಾನೇ ನೋಡಿದೆ. ನಾನು ಮುಟ್ಟಿದ್ದರೆ ನನ್ನ ಕೈ ಸೇದಿಹೋಗಲಿ."

"ಐದು, ಭಾವ."

"ಐದು," ಅಂದರು ಕೋಚಮ್ಮ. "ಒಳ್ಳೇ ಐದು. ಅದರ ಪಕ್ಕ ಇನ್ನೊಂದು ಬರೋಕೆ ಎರಡು ವಾರ ಹಿಡಿಯುತ್ತೆ, ತಿಂಗಳೂ ಹಿಡೀಬಹುದು. ಈಗ ಮನೆಗೆ ಹೋಗಿ."

ಅವನು ಹೋಗಲಿಲ್ಲ, ಆದರೆ ಇನ್ನೊಂದು ಸೆಟ್ಟನ್ನೂ ಕೇಳಲಿಲ್ಲ. ಬೆಂಚಿನ ಅಂಚಿಗೆ ಕೂತು ಫೋನು ತೆಗೆದ. ಅಂಗೈಯ ನೀಲಿ ಫೋನಿಗೂ ಹತ್ತಿತು.

"ಯಜಮಾನ್ರೇ, ನಾನು. ಆ ಗಾಜಿಗೆ ಬರ್ತೀನಿ... ಹೂಂ, ಹಿಡೀತೀನಿ. ಆದರೆ ಇಬ್ಬರಿಗೆ ಆಗಲ್ಲ. ನಾಲ್ಕು ಜನ ಬೇಕು... ಇಲ್ಲ, ಹುಷಾರಾಗೇ ಇದೀನಿ. ನನ್ನ ಕೈಯಲ್ಲಿ ಎಷ್ಟು ಆಗುತ್ತೆ ಅಂತ ಈಗ ನೋಡಿಕೊಂಡೆ, ಅದಕ್ಕೇ ಹೇಳ್ತಿರೋದು. ನಾಲ್ಕು... ಹೋದ ಸಲಾನೂ ನಾಲ್ಕೇ ಬೇಕಿತ್ತು ಯಜಮಾನ್ರೇ."

ಆ ಕಡೆ ಏನೋ ಗೊಣಗಿದ್ದು ಕೇಳಿಸಿತು. ಇವನು "ಸರಿ" ಅಂದು ಫೋನಿಟ್ಟ.

"ಏನಂದ್ರು?" ಅಂದರು ಭಾವ.

"ಮೂರಕ್ಕೆ ಬಂದಿದಾರೆ. ನಾಳೆ ಹೊತ್ತಿಗೆ ನಾಲ್ಕು ಆಗುತ್ತೆ. ದೊಡ್ಡಣ್ಣ ಪಕ್ಕದಲ್ಲೇ ಕೂತಿದ್ರು ಅನ್ಸುತ್ತೆ, 'ನಾಲ್ಕು ಹಾಕಿ' ಅಂತ ಅವರ ದನಿ ಕೇಳಿಸ್ತು."

ಭಾವ ಮೂಗೊರೆಸಿಕೊಂಡರು. ಮೂಗೂ ನೀಲಿಯಾಯಿತು. "ಏಳು ಅಲ್ಲಿಂದ. ನಾನೂ ಒಂದು ಸಲ ಮಲಗ್ತೀನಿ."

"ನೀವಾ?"

"ಯಾಕೆ, ನಂಗೇನಾಗಿದೆ? ಇಷ್ಟು ದಿನ ಬೆರಳಿಗೇ ವ್ಯಾಯಾಮ ಆಯ್ತು. ಪ್ಲೇಟು ತೆಗಿ, ಬರೀ ರಾಡು ಸಾಕು. ಹಿಂದೆ ನಿಲ್ಲು."

ಪ್ಲೇಟು ತೆಗೆದು ಹಿಂದೆ ನಿಂತ. ಭಾವ ಬನಿಯನ್ ಎಳೆದುಕೊಂಡು ಮಲಗಿದರು. ಹೊಟ್ಟೆ ಗುಡ್ಡದ ಹಾಗೆ ನಿಂತಿತು. ರಾಡು ಇಳಿಯಿತು, ಏರಿತು. ಸ್ವಲ್ಪ ಹೊತ್ತಿಗೇ ಆ ಸಣ್ಣ ತೋಳುಗಳು ನಡುಗತೊಡಗಿದವು. ನೋಡುವುದು ಅವನು ಅಂದುಕೊಂಡಷ್ಟು ಸುಲಭವಿರಲಿಲ್ಲ.

"ಮುಟ್ಟಬೇಡ," ಅಂದರು ಭಾವ ಹಲ್ಲು ಕಚ್ಚಿಕೊಂಡು.

"ಮುಟ್ಟಿಲ್ಲ."

ರಾಡು ನಡುದಾರಿಯಲ್ಲಿ ನಿಂತಿತು. ಅವನು ಕನ್ನಡಿ ನೋಡಿದ. ಅವನ ಬಲಗೈಯ ಎರಡು ಬೆರಳು ಯಾವಾಗಲೋ ರಾಡಿನ ಕೆಳಗೆ ಹೋಗಿದ್ದವು. ಬೆರಳಿಗೂ ರಾಡಿಗೂ ನಡುವೆ ಒಂದು ಕಿಟಕಿ ಗಾಜು ತೂರುವಷ್ಟು ಸಂದು ಇತ್ತು. ಅವನು ಆ ಸಂದನ್ನೇ ನೋಡುತ್ತ ನಿಂತ. ಭಾವನ ಕೆನ್ನೆ ಉಬ್ಬಿತು. ಬೆರಳು ಇದ್ದಲ್ಲೇ ಇದ್ದವು, ಸಂದು ಮೆಲ್ಲಗೆ ಅಗಲವಾಗತೊಡಗಿತು.